ಕೆಸರೆತ್ತದಿದ್ದರೆ ರಂಜಕ ಹೋಗದು

ಕಿತ್ತೂರು–ಬೈಲಹೊಂಗಲ ಸೀಮೆಯಲ್ಲಿ ಹರಿಯುವ ಮಲಪ್ರಭೆ, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ಸೇರಿ ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರಾಗುತ್ತದೆ. ದಂಡೆಯ ಊರುಗಳ ಚರಂಡಿ ನೀರಿನಿಂದ ಕೊಳೆ ತೆಗೆದರಷ್ಟೇ ಸಾಲದು. ಮಲಮೂತ್ರ, ಮಾರ್ಜಕಗಳ ರಂಜಕ ಉಳಿದರೆ ಪಾಚಿ, ಕಳೆ ಕೊಬ್ಬುತ್ತವೆ. 2015ರಲ್ಲಿ ನೊರೆಗೇ ಬೆಂಕಿ ಹೊತ್ತಿಕೊಂಡ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನಾವು ಮರೆತಿಲ್ಲವಷ್ಟೆ.

ರಂಜಕ ನುಂಗುವ ಬ್ಯಾಕ್ಟೀರಿಯಾಗಳಿವೆ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಅವು ರಂಜಕವನ್ನು ಹೊರಬಿಟ್ಟು ಆಹಾರ ಕೂಡಿಟ್ಟುಕೊಳ್ಳುತ್ತವೆ. ಗಾಳಿಯೂದುವ ತೊಟ್ಟಿಗೆ ಬಂದೊಡನೆ, ಬಿಟ್ಟದ್ದಕ್ಕಿಂತ ಹೆಚ್ಚನ್ನು ಹೀರುತ್ತವೆ. ಆ ಹೊತ್ತಿಗೆ ಕೆಸರನ್ನು ಎತ್ತಿಬಿಡಬೇಕು. ಗಾಳಿಯಿಲ್ಲದೆ ಕೊಳೆಯಬಿಟ್ಟರೆ ಹೀರಿದ್ದೆಲ್ಲ ಮರಳಿ ನೀರಿಗೆ! ಶಿಲಾನ್ಯಾಸಕ್ಕಿರುವ ಉತ್ಸಾಹ ನಮ್ಮಲ್ಲಿ ಕೆಸರೆತ್ತುವುದಕ್ಕಿಲ್ಲವೆಂಬುದೇ ನನ್ನ ಆತಂಕ. ಘಟಕಗಳ ಯೋಜನೆಯಲ್ಲಿ ಕಟ್ಟಡದ ವೆಚ್ಚಕ್ಕೆ ಮೊದಲು ವಿದ್ಯುತ್ತಿನ, ನಿರ್ವಾಹಕರ ಸಂಬಳದ ಲೆಕ್ಕವನ್ನು ಪೌರಾಡಳಿತ ಬರೆಯಲಿ.