‘ಇತರರಿಗೂ ಪಾಠವಾಗಲಿ’: ಕಲಿತವರು ಯಾರು?

ನಮ್ಮ ಸುದ್ದಿಮನೆಗಳಲ್ಲಿ ಒಂದು ವಾಕ್ಯ ಸದಾ ಸಿದ್ಧವಾಗಿರುತ್ತದೆ: ‘ಇದು ಇತರರಿಗೂ ಪಾಠವಾಗಲಿ.’ ಲಂಚದ ಕೇಸಿರಲಿ, ಮರಳಿನ ಲಾರಿ ಹಿಡಿದಿರಲಿ, ಆರೋಪಿಯ ಕಾಲಿಗೆ ಗುಂಡು ಬಿದ್ದಿರಲಿ, ಕೊನೆಯ ಪ್ಯಾರಾಕ್ಕೆ ಇದನ್ನು ಅಂಟಿಸಿದರೆ ಸುದ್ದಿ ಮುಗಿಯಿತು. ಪಾಠ ಯಾರು ಕಲಿತರು ಅಂತ ನೋಡಲು ಮರುದಿನ ಯಾವ ವರದಿಗಾರನೂ ಹೋಗುವುದಿಲ್ಲ. ನಾನೂ ಹೋಗಿಲ್ಲ.

ಇಂಗ್ಲಿಷಿನ ‘ಡಿಟರೆನ್ಸ್’ಗೆ ನಾವು ಬಳಸುವ ಪದಗಳನ್ನೇ ನೋಡಿ. ಅಣ್ವಸ್ತ್ರದ ಸುದ್ದಿಯಾದರೆ ‘ನಿರೋಧ’ ಎಂದು ಬರೆದುಬಿಡುತ್ತೇವೆ. ಜಲನಿರೋಧಕ ಅಂದರೆ ನೀರನ್ನು ತಡೆಯುವಂಥದ್ದು, ರೋಗನಿರೋಧಕ ಅಂದರೆ ರೋಗವನ್ನು ತಡೆಯುವಂಥದ್ದು. ಆ ಲೆಕ್ಕದಲ್ಲಿ ‘ಅಣ್ವಸ್ತ್ರ ನಿರೋಧ’ ಅಂದರೆ ಅಣುಬಾಂಬನ್ನೇ ತಡೆಯುವುದು ಎಂದಾಗಬೇಕು. ಆದರೆ ಭಾರತ 2003ರಲ್ಲಿ ಪ್ರಕಟಿಸಿದ ಅಣ್ವಸ್ತ್ರ ನೀತಿ ಹೇಳುವುದೇ ಬೇರೆ: ನಮ್ಮಲ್ಲೂ ಬಾಂಬಿದೆ, ನೀನು ಹಾಕಿದರೆ ನಿನಗೂ ಉಳಿಗಾಲವಿಲ್ಲ ಎಂದು ಎದುರಾಳಿಯನ್ನು ಹೆದರಿಸಿ ಇಡುವುದು. ಇನ್ನು ಕೆಲವರು ‘ಪ್ರತಿರೋಧ’ ಎನ್ನುತ್ತಾರೆ. ಪ್ರತಿರೋಧ ಜಮೀನು ಕಳೆದುಕೊಳ್ಳುವ ರೈತ ತೋರುವಂಥದ್ದು. ಅವನ ಮಾತನ್ನು ಕಿತ್ತು ಲಾಠಿ ಹಿಡಿದವರ ಕೈಗೆ ಕೊಡುವುದು ಯಾವ ನ್ಯಾಯ?

ಸರಿಯಾದ ಪದ ನಮ್ಮ ಹೊಲದಲ್ಲೇ ನಿಂತಿದೆ. ಬೆದರುಬೊಂಬೆ. ಬೆದರಿಸಿ ತಡೆಯುವುದು, ಅಷ್ಟೇ ಅರ್ಥ. ಅದರ ಮಿತಿಯನ್ನೂ ಆ ಬೊಂಬೆಯೇ ಹೇಳುತ್ತದೆ. ನಾಲ್ಕು ದಿನ ಹಕ್ಕಿಗಳು ದೂರ ಇರುತ್ತವೆ. ಇದು ಕೈ ಎತ್ತುವುದಿಲ್ಲ ಅಂತ ಗೊತ್ತಾದ ಮೇಲೆ ಅದರ ತಲೆಯ ಮೇಲೇ ಕೂತು ಜೋಳ ತಿನ್ನುತ್ತವೆ. ಆಗ ಬೊಂಬೆಗೆ ಇನ್ನೂ ದೊಡ್ಡ ಮೀಸೆ ಬರೆದರೆ ಪ್ರಯೋಜನವಿಲ್ಲ. ಇಟಲಿಯ ಬೆಕಾರಿಯಾ 1764ರಲ್ಲೇ ಇದನ್ನು ವಾದಿಸಿದ್ದ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪುವುದಿಲ್ಲ ಎಂಬ ಖಾತ್ರಿ.

ಇದಕ್ಕೆ ಇಟಲಿಗೇ ಹೋಗಬೇಕಿಲ್ಲ. 2019ರ ಸೆಪ್ಟೆಂಬರಿನಲ್ಲಿ ಹೆಲ್ಮೆಟ್ ಇಲ್ಲದವರಿಗೆ ದಂಡ 100ರಿಂದ 1,000 ರೂಪಾಯಿಗೆ ಏರಿತು. ಜನ ಸಿಟ್ಟಾದರು, ಅದೇ ತಿಂಗಳು ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಇಷ್ಟೆಲ್ಲ ಆದರೂ ನಮ್ಮೂರ ರಸ್ತೆಯಲ್ಲಿ ಹೆಲ್ಮೆಟ್ ಇರುವುದು ಪೆಟ್ರೋಲ್ ಟ್ಯಾಂಕಿನ ಮೇಲೆ. ಪೊಲೀಸರು ನಿಲ್ಲುವ ಸರ್ಕಲ್ ಬಂದಾಗ ತಲೆಗೇರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಸವಾರ ಲೆಕ್ಕ ಹಾಕುವುದು ದಂಡ ಎಷ್ಟು ಅಂತಲ್ಲ, ಹಿಡಿಯುವವರು ಇದ್ದಾರಾ ಅಂತ.

ಇಷ್ಟು ಸರಳ ಸಂಗತಿ ನೇಣಿನ ವಿಷಯ ಬಂದಾಗ ಮಾತ್ರ ನಮಗೆ ಮರೆತುಹೋಗುತ್ತದೆ. ದೆಹಲಿಯ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ಕೊಟ್ಟಾಗ ಅತ್ಯಾಚಾರಕ್ಕೆ ಮರಣದಂಡನೆ ಶಿಫಾರಸು ಮಾಡಲಿಲ್ಲ. ಜೀವಾವಧಿಗಿಂತ ಗಲ್ಲು ಹೆಚ್ಚು ಅಪರಾಧ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಹೇಳಿತು. ಆದರೂ 2013ರಲ್ಲಿ ಕೆಲವು ಪ್ರಕರಣಗಳಿಗೆ ಗಲ್ಲು ಬಂತು, 2018ರಲ್ಲಿ 12 ವರ್ಷದೊಳಗಿನ ಮಕ್ಕಳ ಮೇಲಿನ ಅತ್ಯಾಚಾರಕ್ಕೂ ಬಂತು. ಪ್ರತಿ ಸಲವೂ ನಾವು ಬರೆದದ್ದು ಒಂದೇ: ‘ಇನ್ನು ಕಾಮುಕರಿಗೆ ನಡುಕ.’

ಈಗ ನನ್ನ ತಪ್ಪಿಗೆ ಬರುತ್ತೇನೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಕಮಿಷನರ್ ಹುಬ್ಬಳ್ಳಿಯವರಾದ್ದರಿಂದ ಕನ್ನಡ ಮಾಧ್ಯಮಕ್ಕೆ ಸಂಭ್ರಮ ಇಮ್ಮಡಿ. ಅಂದು ಡೆಸ್ಕಿನಲ್ಲಿದ್ದ ನಾನು ‘ತಕ್ಕ ಶಾಸ್ತಿ’ ಅಂತ ಶೀರ್ಷಿಕೆ ಕೊಟ್ಟೆ, ಕೆಳಗೆ ‘ಇತರರಿಗೂ ಪಾಠ’ ಅಂತ ಸೇರಿಸಿದೆ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಂತು. ಪಿಸ್ತೂಲು ಕಸಿದುಕೊಂಡು ಗುಂಡು ಹಾರಿಸಿದರು ಎಂಬ ಪೊಲೀಸರ ಕಥೆಯನ್ನು ಆಯೋಗ ನಂಬಲಿಲ್ಲ. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದಿತು. 10 ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕು ಎಂದಿತು. ಆ ನಾಲ್ವರು ತಪ್ಪಿತಸ್ಥರೇ ಅಲ್ಲವೇ ಎಂದು ಇನ್ನು ಯಾವ ಕೋರ್ಟಿಗೂ ಅವರನ್ನು ಕೇಳಲು ಆಗುವುದಿಲ್ಲ.

ಆ ಪ್ರಕರಣದಲ್ಲೇ ಇನ್ನೊಂದು ಸುದ್ದಿ ಇತ್ತು. ಮಗಳು ಕಾಣೆಯಾದ ರಾತ್ರಿ ಮನೆಯವರು ದೂರು ಕೊಡಲು ಹೋದಾಗ ಇದು ನಮ್ಮ ಠಾಣೆಯ ಸರಹದ್ದಲ್ಲ ಎಂದು ಅಲೆದಾಡಿಸಿದರು ಎಂಬ ಆರೋಪ. ಎಫ್‌ಐಆರ್ ತಡಮಾಡಿದ್ದಕ್ಕೆ ಮೂವರು ಪೊಲೀಸರು ಅಮಾನತಾದರು. ತಡೆ ಎಂಬ ಪದಕ್ಕೆ ಅರ್ಥವಿದ್ದದ್ದು ಆ ರಾತ್ರಿಯ ಠಾಣೆಯಲ್ಲಿ. ನಾವು ಅದಕ್ಕೆ ಒಳಪುಟದಲ್ಲಿ ಒಂದು ಕಾಲಂ ಕೊಟ್ಟೆವು.

ಹಾಗಾದರೆ ಶಿಕ್ಷೆಯೇ ಬೇಡವಾ ಅಂತ ಕೇಳುವಿರಿ. ಬೇಕು, ತಪ್ಪದೆ ಆಗಬೇಕು. ಆದರೆ ಸೇಡಿಗೆ ಸೇಡು ಅನ್ನೋಣ, ಶಿಕ್ಷೆಗೆ ಶಿಕ್ಷೆ ಅನ್ನೋಣ, ಬೆದರಿಕೆಗೆ ಬೆದರಿಕೆ ಅನ್ನೋಣ. ಅಪರಾಧ ನಿಜವಾಗಿಯೂ ಕಡಿಮೆಯಾಗಿದ್ದರೆ ಮಾತ್ರ ತಡೆ ಅನ್ನೋಣ. ಸೇಡನ್ನು ‘ಪಾಠ’ ಅಂತ ಕರೆದ ದಿನ ಓದುಗರಿಗೆ ಸುಳ್ಳು ಹೇಳಿದ ಹಾಗೆ.

ಮುಂದಿನ ಸಲ ಆ ವಾಕ್ಯ ಬರೆಯಲು ಕೈ ಹೋದಾಗ ಠಾಣೆಗೆ ಒಂದು ಫೋನ್ ಮಾಡಿ. ದೂರು ಯಾವಾಗ ಕೊಟ್ಟರು, ಎಫ್‌ಐಆರ್ ಯಾವಾಗ ಆಯಿತು, ಚಾರ್ಜ್‌ಶೀಟ್ ಎಲ್ಲಿಗೆ ಬಂತು ಅಂತ ಕೇಳಿ. ಬಂದ ಉತ್ತರವನ್ನು ಆ ಕೊನೆಯ ಪ್ಯಾರಾದಲ್ಲಿ ಹಾಕಿ.