ಮೆಟ್ಟಿಲ ಕೆಳಗೆ ಉಳಿದವರು

ಬೇಸಿಗೆ ಬಂತೆಂದರೆ ನಮ್ಮಲ್ಲಿ ವಿಹಾರದ ಮಾತು. ಎಲಿಫೆಂಟಾ ಗುಹೆಗೆಂದು ಚಂದಾ ಎತ್ತುತ್ತೇವೆ. ಗಿರಣಿಯ ಯಂತ್ರಕ್ಕೆ ಕಾಲು ಕಳೆದುಕೊಂಡ ಗೆಳೆಯನಿಗೆ ಮಾತ್ರ, "ದೋಣಿ ಹತ್ತಬೇಕು, ಮೇಲೆ ನೂರಕ್ಕೂ ಮಿಕ್ಕ ಮೆಟ್ಟಿಲು, ನಿಮಗೇಕೆ ತೊಂದರೆ?" ಎನ್ನುತ್ತೇವೆ. ಇದು ಕನಿಕರವಲ್ಲ, ಬಹಿಷ್ಕಾರ!

ಮನರಂಜನೆಯಲ್ಲಿ ಅಂಗವಿಕಲರಿಗೂ ಸಮಪಾಲಿದೆ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳಿದೆ. ಅವರ ಸೌಕರ್ಯದ ನಿಯಮಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟು ಸರ್ಕಾರಕ್ಕೆ ತಾಕೀತು ಮಾಡಿತು. ಸರ್ಕಾರವನ್ನು ಕೇಳುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಡವೆ?

ಮೊದಲು ಅವರನ್ನು ಕೇಳೋಣ, ಆಮೇಲೆ ಊರು ಗೊತ್ತುಮಾಡೋಣ. ದಾರಿ, ನೆರಳು, ಶೌಚಾಲಯಗಳನ್ನು ಮುಂಚೆಯೇ ನೋಡಿಬರೋಣ. ಜೊತೆಗಾರನ ಟಿಕೆಟ್ಟಿನ ಹಣ ಸಂಘದ ನಿಧಿಯಿಂದಲೇ ಸಲ್ಲಲಿ. ನಾಳೆ ಆ ಸರದಿ ನಮ್ಮದೂ ಆದೀತು. ಒಬ್ಬನನ್ನು ಬಿಟ್ಟು ಹೊರಟ ವಿಹಾರ ಸಂಘದ ವಿಹಾರವಲ್ಲ.