ಅಡ್ವಾನ್ಸ್ ಸವೆಯುತ್ತಿದೆ, ಬಿಟ್‌ಕಾಯಿನ್ ಕಾಪಾಡಲ್ಲ!

ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯವರೇ, ಪಿ.ಜಿ. ಹುಡುಗ ಹುಡುಗಿಯರೇ,

ನಂದಿನಿ ನೀಲಿ ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ. 2024ರ ಜೂನ್‌ನಲ್ಲಿ 50 ಮಿ.ಲೀ. ಜಾಸ್ತಿ ಹಾಲು ಹಾಕಿ, ಅರ್ಧ ಲೀಟರಿನ ಪ್ಯಾಕೆಟ್‌ಗೆ 2 ರೂಪಾಯಿ ಏರಿಸಿ 24 ಮಾಡಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ವಾಪಸ್ ಹೋಯಿತು, 24 ರೂಪಾಯಿ ಹಾಗೇ ಉಳಿಯಿತು. (ಹೆಚ್ಚಿದ ದುಡ್ಡು ರೈತರ ಕೈ ಸೇರಿದರೆ ನಮ್ಮ ತಕರಾರಿಲ್ಲ.) ಅದೇ ವರ್ಷ ಜನವರಿಯಲ್ಲಿ ಬಿಎಂಟಿಸಿ ಟಿಕೆಟ್ ಶೇ. 15 ಏರಿತು, ಹೆಣ್ಣುಮಕ್ಕಳಿಗೆ ಫ್ರೀ, ಗಂಡಸರ ಜೇಬಿಗೆ ಕತ್ತರಿ. ಫೆಬ್ರುವರಿಯಲ್ಲಿ ಮೆಟ್ರೊ ದರವೂ ಏರಿತು.

ಈ ಸಂಕಟ ನೋಡಿಯೇ ಕೆಲವರು ನಮ್ಮನ್ನು ಟೆಲಿಗ್ರಾಂ ಗ್ರೂಪಿಗೆ ಎಳೆಯುತ್ತಿದ್ದಾರೆ: "ರೂಪಾಯಿ ಸವೀತಿದೆ, ಬಿಟ್‌ಕಾಯಿನ್‌ಗೆ ಹಾಕಿ." ಸವೆಯುತ್ತಿರುವುದು ನಿಜ, ಮದ್ದು ಸುಳ್ಳು. 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಹತ್ತಿರ ಹೋಗಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 17 ಸಾವಿರಕ್ಕಿಂತ ಕೆಳಗೆ ಬಿತ್ತು. ಆಮೇಲೆ ಮತ್ತೆ ಏರಿತು, ಒಪ್ಪೋಣ. ಅದು ಏರುವ ತನಕ ಮಕ್ಕಳ ಸ್ಕೂಲ್ ಫೀಸು ಕಾಯುತ್ತದೆಯೇ? 2024ರ ಜುಲೈನಲ್ಲಿ, ಕಾಯಿನ್ ಕೊಳ್ಳುವ-ಮಾರುವ ಆ್ಯಪ್ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕಾಯಿನ್ ಕಳುವಾದಾಗ, ಗ್ರಾಹಕರ ಕಾಯಿನ್‌ಗಳು ವರ್ಷಕ್ಕೂ ಮೀರಿ ಸಿಕ್ಕಿಹಾಕಿಕೊಂಡವು. ಲಾಭ ಬಂದರೆ ಶೇ. 30 ತೆರಿಗೆ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲೂ ಕಳೆಯುವಂತಿಲ್ಲ. ಈಗಾಗಲೇ ಯಾರಿಗಾದರೂ ದುಡ್ಡು ಕಳಿಸಿ ಮೋಸ ಹೋಗಿದ್ದರೆ ನಾಚಿಕೆ ಬೇಡ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ದುಡ್ಡು ಸದ್ದಿಲ್ಲದೆ ಸವೆಯುವ ಜಾಗ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ, ಅಂದರೆ ಒಂದೂವರೆ ಲಕ್ಷ ಅಂತಿಟ್ಟುಕೊಳ್ಳಿ, ಬಡ್ಡಿಯಿಲ್ಲದೆ ಓನರ್ ಹತ್ತಿರ ಕೂತಿರುತ್ತದೆ. ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೆ ಐದು ವರ್ಷದ ಮೇಲೆ ಅದರ ಬೆಲೆ ಇವತ್ತಿನ 1,17,500 ರೂಪಾಯಿ ಅಷ್ಟೇ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ಕಾನೂನು ಮಾಡಿದರೇ ಅದಕ್ಕೆ ಬಲ.

ಅಗ್ರಿಮೆಂಟ್ ರಿನ್ಯೂ ಮಾಡುವ ಮುಂಚೆ ಅರ್ಧ ಅಡ್ವಾನ್ಸ್ ವಾಪಸ್ ಕೇಳಿ. ಒಬ್ಬರೇ ಹೋದರೆ "ಬೇರೆ ಮನೆ ನೋಡ್ಕೊಳ್ಳಿ" ಅಂತಾರೆ. ಬಿಲ್ಡಿಂಗಿನವರೆಲ್ಲ ಒಟ್ಟಿಗೆ ಹೋಗಿ. ಒಡವೆ ಸಾಲವಿದ್ದರೆ, ಬಂದ ದುಡ್ಡಲ್ಲಿ ಮೊದಲು ಅದನ್ನು ತೀರಿಸಿ.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ನಿಮ್ಮ ಕ್ರಾಸ್, ಬಾಡಿಗೆ, ಅಡ್ವಾನ್ಸ್, ಕೊಟ್ಟ ವರ್ಷ ಬರೆಯಿರಿ. ಹೆಸರು ಬೇಡ. ಭಾನುವಾರ ಬೆಳಿಗ್ಗೆ ಹತ್ತರಿಂದ ತಾವರೆಕೆರೆ ಮೇನ್ ರೋಡಿನಲ್ಲಿ ನಾವು ಇರುತ್ತೇವೆ, ಅಲ್ಲಿ ಕೊಡಿ. ಎಲ್ಲ ಹಾಳೆಗಳನ್ನೂ ಸೇರಿಸಿ, ಎರಡು ತಿಂಗಳ ಮಿತಿಯನ್ನು ಕಾನೂನು ಮಾಡಿ ಎಂಬ ಮನವಿಯ ಜೊತೆ ಬಿ.ಟಿ.ಎಂ. ಲೇಔಟ್ ಶಾಸಕರ ಕಚೇರಿಗೆ ಒಪ್ಪಿಸುತ್ತೇವೆ.

ಇಂತಿ,
ಸುದ್ದಗುಂಟೆಪಾಳ್ಯದ ಬಾಡಿಗೆದಾರರು